‘ಹೋ’ ಎಂದು ಕಟ್ಟಿಸಿದ ಮನೆ

ಪುಣೆಗೆ ಬಂದಿಳಿದ ದಿನ ನಾನು ಕಲಿತ ಮೊದಲ ಮರಾಠಿ ಶಬ್ದ ‘ಹೋ’. ಹೌದು ಎಂದು ಅರ್ಥ. ಬಹಳ ಉಪಕಾರಿಯಾದ ಶಬ್ದ. ನಾಲಿಗೆಗೆ ಕೆಲಸವಿಲ್ಲ, ವ್ಯಾಕರಣದ ಗೊಡವೆಯಿಲ್ಲ. ಬಾಯಿ ತೆರೆದು ಉಸಿರು ಬಿಟ್ಟರೆ ಅರ್ಧ ಮರಾಠಿ ಬಂದಂತೆಯೇ. ನಮ್ಮೂರಲ್ಲಿ ‘ಹೋ’ ಎಂದರೆ ಎತ್ತು ನಿಲ್ಲುತ್ತಿತ್ತು. ಪುಣೆಯಲ್ಲಿ ‘ಹೋ’ ಎಂದರೆ ಮನುಷ್ಯರು ನಿಲ್ಲುತ್ತಾರೆ, ನಗುತ್ತಾರೆ, ಮಾತು ಮುಂದುವರಿಸುತ್ತಾರೆ. ಅವರು ಮುಂದುವರಿಸಿದ್ದು ನನಗೆ ತಿಳಿಯಿತೋ ಇಲ್ಲವೋ ಎಂಬುದನ್ನು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿಲ್ಲ. ನಾನಾಗಿ ಹೇಳಿಲ್ಲ.

ಈ ಚಟಕ್ಕೆ ಪುಣೆಯನ್ನು ದೂರಿದರೆ ಪಾಪ ಬರುತ್ತದೆ. ಅದರ ಬೇರು ಇರುವುದು ಇಂಡಿ ತಾಲೂಕಿನ ನಮ್ಮ ಹಳ್ಳಿಯ ಶಾಲೆಯಲ್ಲಿ. ಗಣಿತದ ಮಾಸ್ತರರು ಹಲಗೆಯ ತುಂಬ ಬರೆದು, ಕೈಯ ಸುಣ್ಣ ಜಾಡಿಸಿ, ನಮ್ಮ ಕಡೆ ತಿರುಗಿ, “ತಿಳೀತೇನ್ರೋ?” ಎನ್ನುತ್ತಿದ್ದರು. ನಾವೆಲ್ಲ ಒಂದೇ ರಾಗದಲ್ಲಿ, “ತಿಳೀತ್ರೀ…” ಎನ್ನುತ್ತಿದ್ದೆವು. ಒಂದು ದಿನ ಅವರಿಗೆ ಏನು ಸಂಶಯ ಬಂತೋ, “ಏನ್ ತಿಳೀತು?” ಎಂದರು. ಅದಕ್ಕೂ ನಾವು ಅದೇ ರಾಗದಲ್ಲಿ, “ತಿಳೀತ್ರೀ…” ಎಂದೆವು. ಮಾಸ್ತರರು ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದರು. ಆ ಶಾಲೆಯಲ್ಲಿ ಮೆಟ್ರಿಕ್‌ವರೆಗೆ ಓದಿದವನು ನಾನು. ಉಳಿದದ್ದೆಲ್ಲ ಮರೆತಿದೆ, ಆ ರಾಗವೊಂದು ಮರೆತಿಲ್ಲ.

ಭೋಸರಿಯ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಆಯುಷ್ಯ ಕಳೆದೆ. ಅಲ್ಲಿ ಕಲಿತ ಮರಾಠಿಯಲ್ಲಿ ಎರಡೇ ಭಾಗ: ಒಂದು, ಕಬ್ಬಿಣಕ್ಕೆ ಸಂಬಂಧಪಟ್ಟದ್ದು; ಇನ್ನೊಂದು, ಎದುರಿಗಿದ್ದವನ ವಂಶಕ್ಕೆ ಸಂಬಂಧಪಟ್ಟದ್ದು. ಎರಡರಲ್ಲೂ ಒಳ್ಳೆಯ ಹಿಡಿತವಿತ್ತು. ಇವುಗಳ ನಡುವೆ ಬಂದ ಬೇರೆ ಎಲ್ಲ ಮಾತಿಗೂ ‘ಹೋ’. ಸೇರಿದ ಹೊಸದರಲ್ಲಿ ಒಂದು ಗುರುವಾರ ಕ್ಯಾಂಟೀನಿನವನು ತಟ್ಟೆ ಹಿಡಿದು, “ಉಪವಾಸ ಆಹೇ ಕಾ?” ಎಂದ. ಏನೋ ಒಳ್ಳೆಯದೇ ಕೇಳುತ್ತಿದ್ದಾನೆ ಎಂದುಕೊಂಡು ‘ಹೋ’ ಎಂದೆ. ಉಪವಾಸದವರಿಗೆ ಕೊಡುವ ಸಾಬೂದಾಣಿ ಖಿಚಡಿ ಹಾಕಿದ. ಅವತ್ತಿನಿಂದ ಪ್ರತಿ ಗುರುವಾರ ನನಗೆ ಊಟದ ಬದಲು ಖಿಚಡಿ. ಉಪವಾಸ ಎಂಬುದು ನಮ್ಮ ಶಬ್ದವೇ, ತಿಳಿಯದೆ ಏನು ಎಂದು ನೀವು ಕೇಳಬಹುದು. ಆ ಯಂತ್ರಗಳ ಸದ್ದಿನಲ್ಲಿ ನಾನು ಅವನ ಮಾತು ಕೇಳಿರಲೇ ಇಲ್ಲ; ತುಟಿ ಅಲ್ಲಾಡಿದ್ದನ್ನು ನೋಡಿ ‘ಹೋ’ ಎಂದಿದ್ದೆ. ತಪ್ಪು ತಿಳಿದ ಮೇಲಾದರೂ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ಸಾಹೇಬರು ನನ್ನನ್ನು ತೋರಿಸಿ, “ನೋಡ್ರೋ, ಹಿಂಗಿರಬೇಕು ಭಕ್ತಿ” ಎನ್ನತೊಡಗಿದ್ದರು. ಭಕ್ತಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಹೀಗೆ ನನ್ನ ಹೆಚ್ಚಿನ ಪುಣ್ಯವೆಲ್ಲ ಅವಸರದಲ್ಲಿ ಆದದ್ದು. ಪಾಪವೂ ಅಷ್ಟೇ. ಇಲ್ಲಿ ಹೇಳಹೊರಟಿರುವುದು ಪಾಪದ್ದು.

ನನಗೊಬ್ಬಳು ಅಕ್ಕ, ಗಂಗಕ್ಕ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನನಗೆ ನೆನಪಿರುವ ಊರು ಅವಳ ಸೊಂಟದ ಎತ್ತರದಿಂದ ಕಂಡ ಊರು; ಅಲ್ಲಿಂದ ಎಮ್ಮೆಗಳ ಬೆನ್ನು ಕಾಣುತ್ತಿತ್ತು, ಕಾಳು ತುಂಬುವ ಹಗೇವಿನ ಬಾಯಿ ಕಾಣುತ್ತಿತ್ತು, ಬೇರೆ ಹುಡುಗರ ನೆತ್ತಿ ಕಾಣುತ್ತಿತ್ತು. ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಳು. ಗಂಡ ಬೇಗ ತೀರಿಕೊಂಡ. ಚಾದರದ ಗಿರಣಿಯಲ್ಲಿ ನೂಲು ಸುತ್ತುತ್ತ, ಚಾಳಿನ ಮೂರನೆಯ ಮಾಳಿಗೆಯ ಬಾಡಿಗೆಯ ಖೋಲಿಯಲ್ಲಿ ಒಬ್ಬಳೇ ಇದ್ದಳು. ಆ ಮೆಟ್ಟಿಲುಗಳು ಅವಳ ಮೊಣಕಾಲನ್ನು ತಿಂದುಬಿಟ್ಟವು. ಇತ್ತೀಚೆಗೆ ಒಮ್ಮೆ ಇಳಿದರೆ ಹತ್ತುವುದಕ್ಕೆ ಹೆದರಿ, ಇಳಿಯುವುದನ್ನೇ ಬಿಟ್ಟಿದ್ದಳು.

“ಬಾ ಅಕ್ಕಾ, ನಮ್ಮಲ್ಲೇ ಇರು” ಎಂದು ವರ್ಷಗಳಿಂದ ಕರೆಯುತ್ತಿದ್ದೆ. ಅವಳದು ಒಂದೇ ಮಾತು: “ತಮ್ಮನ ಮನೀಗೆ ಹಬ್ಬಕ್ಕ ಬರೋಣು, ಸೀರಿ ಉಟಗೊಂಡು ಹೋಗೋಣು. ದಿನಾ ಅವನ ತಾಟಿನ್ಯಾಗ ಕೈ ಹಾಕೂದು ನಮ್ಮ ಪದ್ಧತಿ ಅಲ್ಲ.” ಎಷ್ಟು ಹೇಳಿದರೂ ಅಷ್ಟೇ. ಹೋದ ಬೇಸಿಗೆಯಲ್ಲಿ ಚಾಳಿನ ಮಾಲೀಕ ಕಟ್ಟಡ ಕೆಡವುತ್ತೇನೆ ಎಂದ ಮೇಲೆ ಕೊನೆಗೂ ಒಂದು ಮೆಟ್ಟಿಲು ಇಳಿದಳು. “ಬ್ಯಾರೆ ಬಾಗಲಾ, ಬ್ಯಾರೆ ಒಲಿ ಇದ್ರ ಬರ್ತೀನಿ. ಮ್ಯಾಲ ಗೀಲ ಹತ್ತಾಕಿ ಅಲ್ಲ. ನೆಲಕ್ಕ ಇರಬೇಕು.”

ಯೆರವಡಾದ ಆಚೆ ನಮ್ಮದೊಂದು ಸಣ್ಣ ಮನೆ. ಹಿಂದೆ ಹಿತ್ತಲು. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲು, ನೀರಿನ ಟಾಕಿ, ಒಂದು ಪೇರಲ ಗಿಡ. ಅಲ್ಲೇ ಒಂದು ಖೋಲಿ, ಅದರ ಮೂಲೆಗೆ ಅಡುಗೆಕಟ್ಟೆ, ಪಕ್ಕಕ್ಕೆ ಬಚ್ಚಲು, ಹಿಂದಿನ ಓಣಿಗೆ ತೆರೆಯುವ ಬಾಗಿಲು. ಇಷ್ಟು ಕಟ್ಟಿದರೆ ಅಕ್ಕನ ಮಾನ ಉಳಿಯುತ್ತದೆ, ನನ್ನ ಆಸೆ ತೀರುತ್ತದೆ. ಪರವಾನಗಿ ಮಾಡಿಸಿಕೊಟ್ಟ ಇಂಜಿನಿಯರು ದೂರ ಯೋಚಿಸುವ ಮನುಷ್ಯ. “ನೆಲಕ್ಕೂ ಮ್ಯಾಲಿಂದಕ್ಕೂ ಕೂಡೇ ತಗೊಂಡಬಿಡ್ರಿ, ಮುಂದ ಬೇಕಾದೀತು” ಎಂದು ಎರಡಕ್ಕೂ ಒಪ್ಪಿಗೆ ತಂದರು. ನಾನು ಏನೆಂದೆ ಎಂಬುದನ್ನು ನೀವು ಊಹಿಸಬಲ್ಲಿರಿ.

ನಕ್ಷೆ ಮಾಡಿದವಳು ಸೊಸೆ ಸಹನಾ. ಮಂಡ್ಯದ ಕಡೆಯ ಹುಡುಗಿ. ಮಗ ಪರದೇಶದಲ್ಲಿ ಕೆಲಸಕ್ಕಿದ್ದಾನೆ, ಅವಳು ನಮ್ಮ ಜೊತೆ. ವಿಮಾನ ನಗರದಲ್ಲಿ ಕಂಪ್ಯೂಟರ್ ಕೆಲಸ. ಲ್ಯಾಪ್‌ಟಾಪಿನಲ್ಲಿ ಪುಟ್ಟ ಮನೆಯೊಂದನ್ನು ಕಟ್ಟಿ, ಬೆರಳಿನಿಂದ ಅದನ್ನು ಗಿರಗಿರ ತಿರುಗಿಸಿ ತೋರಿಸಿದಳು. ಕಟ್ಟುವವನು ದತ್ತೂ ಗವಂಡಿ. ಮರಾಠಿಯವನು, ತಲೆಗೆ ಬಿಳಿ ಟೋಪಿ, ಬಾಯಲ್ಲಿ ಸದಾ ತಂಬಾಕು. ಅವನು ಟೋಪಿ ತೆಗೆದು ಭಕ್ತಿಯಿಂದ ನೋಡಿದ. ಆ ಚಿತ್ರದಲ್ಲಿ ನೆಲ ಬರೆದಿರಲಿಲ್ಲ. ಮನೆ ನೀಲಿ ಆಕಾಶದಲ್ಲಿ ತೇಲುತ್ತಿತ್ತು.

“ಹವೇತ ಆಹೇ,” ಎಂದ ದತ್ತೂ. ಗಾಳಿಯಲ್ಲಿದೆ ಎಂದು.

“ಹೋ ಹೋ, ಹವಾ ಚೆನ್ನಾಗಿ ಬರ್ತದ,” ಎಂದೆ ನಾನು.

ಕೆಲಸ ಶುರುವಾಯಿತು. ಪಾಯ ತೋಡುವಾಗ ನನ್ನ ಹೆಂಡತಿ ಕಮಲಾ ಹಿತ್ತಲಿನ ಬಾಗಿಲಲ್ಲಿ ನಿಂತು, ಒಗೆಯುವ ಕಲ್ಲಿಗೆ ಯಾರೂ ಕೈ ಹಚ್ಚಕೂಡದು ಎಂದು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಹೇಳಿದಳು. ಕಲ್ಲು ನಡುಮಧ್ಯದಲ್ಲಿತ್ತು. ಕಲ್ಲನ್ನೂ ಉಳಿಸಬೇಕು, ಖೋಲಿಯನ್ನೂ ಕಟ್ಟಬೇಕು. ದತ್ತೂ ಒಂದಿಡೀ ದಿನ ಕಲ್ಲಿನ ಸುತ್ತ ತಿರುಗಿ ತಂಬಾಕು ತಿಂದ.

ನನಗೆ ಆ ದಿನಗಳಲ್ಲಿ ಬೇರೊಂದು ಹುಚ್ಚು ಹಿಡಿದಿತ್ತು: ದತ್ತೂಗೆ ಕನ್ನಡ ಕಲಿಸುವುದು. ಚಹಾದ ಹೊತ್ತಿಗೆ ಅವನ ಎದುರು ಕುಕ್ಕರುಗಾಲಲ್ಲಿ ಕೂತು, ನೀರು, ಉಸುಕು, ಇಟ್ಟಂಗಿ ಎಂದು ಒಂದೊಂದೇ ಹೇಳಿಕೊಡುತ್ತಿದ್ದೆ. ಕಲಿಯುವುದರಲ್ಲಿ ಅವನೇನು ಚುರುಕಲ್ಲ. ಆದರೆ ಸಹನಾ ಮುಂಜಾನೆ ಆಫೀಸಿಗೆ ಹೊರಡುವಾಗ ಹೆಲ್ಮೆಟ್ ಹಾಕಿಕೊಳ್ಳುತ್ತ, “ಮಾಡಿ ಅಂಕಲ್, ಮಾಡಿ! ಬೇಗ ಮಾಡಿ, ನೀಟಾಗಿ ಮಾಡಿ!” ಎಂದು ಕೂಗಿ ಹೋಗುತ್ತಿದ್ದಳಲ್ಲ, ಆ ‘ಮಾಡಿ’ಯನ್ನು ಮಾತ್ರ ಅವನು ಬಹಳ ಗಮನವಿಟ್ಟು ಕೇಳುತ್ತಿದ್ದ. ನಾನು ಅದನ್ನು ವಿದ್ಯಾರ್ಥಿಯ ಶ್ರದ್ಧೆ ಎಂದುಕೊಂಡೆ.

ಆಗ ಸೊಲ್ಲಾಪುರದಿಂದ ಫೋನು ಬಂತು. ಗಂಗಕ್ಕನಿಗೆ ಕೀಲು ಹಿಡಿಯುವ ಜ್ವರ. ನಾನೂ ಕಮಲಾ ಚೀಲ ತುಂಬಿಕೊಂಡು ರಿಕ್ಷಾ ಹತ್ತಿದೆವು. ದತ್ತೂ ಓಡಿಬಂದು ರಿಕ್ಷಾದ ಕಂಬಿ ಹಿಡಿದು ಕೇಳಿದ: “ಕಾಕಾ, ಮಾಡೀ ಕರಾಯಚೀ ಕಾ?”

‘ಕರಾಯಚೀ ಕಾ’ ಎಂದರೆ ‘ಮಾಡಬೇಕೇನು?’ ಎಂದು ನನಗೆ ಗೊತ್ತಿತ್ತು. ಅದರ ಮುಂದೆ ಒಂದು ಕನ್ನಡದ ‘ಮಾಡಿ’! ಎರಡು ಭಾಷೆ ಸೇರಿಸಿ, ‘ಮಾಡಿ ಮಾಡಬೇಕೇನು’ ಎಂದು ಕೇಳುತ್ತಿದ್ದಾನೆ; ಪಾಪ, ತಪ್ಪಾದರೂ ಗುರುವನ್ನು ಮೆಚ್ಚಿಸಲು ಹೊರಟಿದ್ದಾನೆ. ನನ್ನ ಕಣ್ಣು ತುಂಬಿತು. ಅವನ ಭುಜ ತಟ್ಟಿ, “ಹೋ ಹೋ! ಮಸ್ತ ಮಾಡೀ ಕರಾ!” ಎಂದೆ. ಅವನ ಮುಖ ಅರಳಿತು. ಒಗೆಯುವ ಕಲ್ಲಿನ ಸಮಸ್ಯೆ ಬಗೆಹರಿದವನ ಮುಖ ಅದು ಎಂದು ನನಗೇನು ಗೊತ್ತು?

ಮರಾಠಿಯಲ್ಲಿ ‘ಮಾಡೀ’ ಎಂದರೆ ಮೇಲಿನ ಅಂತಸ್ತು. ಮಹಡಿ. ಇದು ಹಳ್ಳಿಯ ಮಕ್ಕಳಿಗೂ ಗೊತ್ತಿರುವ ಶಬ್ದವಂತೆ. ನನ್ನ ಮರಾಠಿ ಲೇತ್ ಯಂತ್ರದ ಸುತ್ತ ಬೆಳೆದದ್ದು. ಅದರಲ್ಲಿ ಮಹಡಿ ಇರಲಿಲ್ಲ.

ಸೊಲ್ಲಾಪುರದಲ್ಲಿ ಅಕ್ಕನ ಜ್ವರ ಇಳಿದರೂ ಕೀಲುನೋವು ಇಳಿಯಲಿಲ್ಲ. ಮಳೆಗಾಲ ಅಲ್ಲೇ ಕಳೆಯಿತು. ಅಷ್ಟರಲ್ಲಿ ಒಂದು ಸಂಜೆ ಸಹನಾ ಫೋನು ಮಾಡಿದಳು. ಚಾಳಿನ ಕೆಳಗೆ ಗಣಪತಿಯ ಮೆರವಣಿಗೆ, ಡೋಲು, ಝಾಂಜಿನ ತಾಳ. ನಾನು ಒಂದು ಕಿವಿ ಮುಚ್ಚಿಕೊಂಡು ಇನ್ನೊಂದಕ್ಕೆ ಫೋನು ಒತ್ತಿದೆ.

“ಮಾವ, ದತ್ತೂ ಅಂಕಲ್ ಮೇಲಕ್ಕೆ ಹೋಗ್ತಾ ಇದ್ದಾರೆ. ಕೆಳಗೆ ಬರೀ ಪಿಲ್ಲರ್ಸ್ ಅಷ್ಟೇ. ದೊಡ್ಡತ್ತೆಗೆ ಅಂತ ತಾನೆ ಕಟ್ಟಿಸ್ತಿರೋದು? ನೀವು ಪ್ಲಾನ್ ಚೇಂಜ್ ಮಾಡಿದ್ರಾ?”

ನನಗೆ ಕೇಳಿಸಿದ್ದು ‘ಮಾವ’ ಒಂದೇ. ಉಳಿದದ್ದಕ್ಕೆ ಡೋಲು ಬಡಿಯಿತು; ಅದನ್ನು ಅವಳ ಬಾಯಿಂದ ಪೂರ್ತಿ ಕೇಳಿದ್ದು ಆಮೇಲೆ.

“ಹೋ ಹೋ,” ಎಂದೆ.

“ಶೂರ್ ಅಲ್ವಾ ಮಾವ? ನಿಲ್ಲಿಸೋದು ಬೇಡ ತಾನೆ?”

“ಹೋ ಹೋ ಹೋ!” ಎಂದು ಫೋನು ಇಟ್ಟೆ. ಕಮಲಾ, “ಏನಂತ?” ಎಂದಳು. “ಎಲ್ಲಾ ಬರೋಬ್ಬರಿ ನಡದದಂತ,” ಎಂದೆ.

ದೀಪಾವಳಿಗೆ ಮುಂಚೆ ಅಕ್ಕ ಖೋಲಿಯ ಕೀಲಿಯನ್ನು ಮಾಲೀಕನ ಕೈಗಿಟ್ಟಳು. ಒಂದು ಟ್ರಂಕು, ಒಂದು ಗ್ಯಾಸಿನ ಒಲೆ, ಬೀಸುವ ಕಲ್ಲು. ಟೆಂಪೋದಲ್ಲಿ ಚಾಲಕನ ಪಕ್ಕಕ್ಕೆ ಅವಳನ್ನು ಕೂರಿಸಿಕೊಂಡು ಬಂದೆವು. ದಾರಿಯುದ್ದಕ್ಕೂ ಹೊಸ ಬಾಗಿಲಿಗೆ ಯಾವ ಬಣ್ಣ ಎಂದು ಕೇಳುತ್ತಿದ್ದಳು. ಮದುವೆಯಾದ ಮೇಲೆ ಅವಳು ಇಷ್ಟು ಖುಷಿಯಾಗಿದ್ದುದನ್ನು ನಾನು ನೋಡಿರಲಿಲ್ಲ.

ಹಿಂದಿನ ಓಣಿಯಲ್ಲಿ ಟೆಂಪೋ ನಿಂತಿತು. ನಾನು ಇಳಿದು ನೋಡಿದೆ. ನಾಲ್ಕು ಕಂಬ. ನಾಲ್ಕು ಕಂಬದ ನಡುವೆ, ನೆರಳಿನಲ್ಲಿ, ರಾಜಸಭೆಯ ಸಿಂಹಾಸನದಂತೆ ಬಟ್ಟೆ ಒಗೆಯುವ ಕಲ್ಲು. ಪಕ್ಕದಲ್ಲಿ ಕಡಿದಾದ ಮೆಟ್ಟಿಲು. ಮೆಟ್ಟಿಲಿನ ತುದಿಗೆ, ಪೇರಲ ಗಿಡದ ನೆತ್ತಿಯ ಮೇಲೆ, ಅಂದವಾದ ಒಂದು ಮನೆ. ಹಸಿರು ಬಾಗಿಲು. ಬಾಗಿಲಿಗೆ ದತ್ತೂ ಕಟ್ಟಿದ ಚೆಂಡು ಹೂವಿನ ಮಾಲೆ.

ಗಂಗಕ್ಕ ನಿಧಾನವಾಗಿ ಇಳಿದು, ಮೆಟ್ಟಿಲನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಒಗೆಯುವ ಕಲ್ಲಿನ ಮೇಲೆ ಕೂತಳು.

“ಮಲ್ಲೂ, ಇದೇನೋ?”

ಇಲ್ಲಿ ನಾನು ಮಾಡಿದ್ದು ನೋಡಿ. ಮನೆಯಿಂದ ಸಹನಾ ಆರತಿ ತಟ್ಟೆ ಹಿಡಿದುಕೊಂಡು ನಗುತ್ತ ಬರುತ್ತಿದ್ದಳು. ರಿಕ್ಷಾದ ಕಂಬಿ ಹಿಡಿದ ದತ್ತೂವಿನ ಮುಖ, ನನ್ನ ‘ಮಸ್ತ ಮಾಡೀ’, ಡೋಲಿನ ಸದ್ದಿನಲ್ಲಿ ಬಂದ ಸಹನಾಳ ಫೋನು, ಎಲ್ಲವೂ ನನಗೆ ಒಮ್ಮೆಲೇ ಹೊಳೆದುಬಿಟ್ಟಿತ್ತು. ಹೊಳೆದ ಮರುಕ್ಷಣವೇ ನನ್ನ ಬಾಯಿ, ನನ್ನನ್ನು ಕೇಳದೆ, ಹೇಳಿತು: “ಎಲ್ಲಾ ಆ ಲ್ಯಾಪ್‌ಟಾಪಿಂದು! ಹವಾದಾಗ ಮನಿ ತೇಲಿಸಿ ತೋರಿಸಿದ್ರ ಗವಂಡಿ ಏನ್ ಮಾಡ್ಯಾನು? ದಿನಾ ಮುಂಜಾನೆ ಅವನ ಮುಂದ ಮಾಡಿ ಮಾಡಿ ಅಂತ ಬ್ಯಾರೆ ಒದರೂದು!”

ಸಹನಾಳ ಕೈಯ ಆರತಿ ಅಲ್ಲೇ ನಿಂತಿತು. ನನ್ನ ಮುಖ ನೋಡಿದಳು. ‘ಫೋನು ಮಾಡಿ ಕೇಳಿದ್ದೆನಲ್ಲ ಮಾವ’ ಎಂದು ಅವಳು ಹೇಳುತ್ತಾಳೆ ಎಂದು ಕಾದೆ. ಹೇಳಲಿಲ್ಲ. “ಸಾರಿ ದೊಡ್ಡತ್ತೆ,” ಎಂದಳು. “ನಾನು ಸರಿಯಾಗಿ ತೋರಿಸಬೇಕಿತ್ತು.”

“ಕಲತವರ ಕೆಲಸನ ಹಿಂಗ,” ಎಂದು ಕಮಲಾ ತಟ್ಟೆ ಇಸಿದುಕೊಂಡಳು. ನಾನು ಟೆಂಪೋದವನಿಗೆ ಟ್ರಂಕು ಇಳಿಸಲು ಸಹಾಯ ಮಾಡುವವನಂತೆ ಬೆನ್ನು ತಿರುಗಿಸಿದೆ.

ಅಕ್ಕ ನಮ್ಮ ಮನೆಯ ಹಾಸಿಗೆಯಲ್ಲಿ ಮಲಗಿದಳು, ಅತಿಥಿಯಂತೆ. ಟ್ರಂಕು ತೆರೆಯಲಿಲ್ಲ. ಬೆಳಿಗ್ಗೆ ಎದ್ದು, “ಸೊಲ್ಲಾಪುರದ ಗಾಡಿ ಯಾವಾಗ ಅದ?” ಎಂದಳು.

“ಅಲ್ಲೇನದ ಅಕ್ಕಾ? ಕೀಲಿ ಕೊಟ್ಟ ಬಂದೀ.”

“ಯಾವುದಾರ ಧರ್ಮಶಾಲಿ ಇರ್ತದ. ತಮ್ಮನ ಪಡಸಾಲ್ಯಾಗ ಹಾಸಿಗಿ ಹಾಸಿಕೊಂಡು ಬಿದ್ದಾಳ ಅನ್ನಸಿಕೊಳ್ಳಾಕಿ ಅಲ್ಲ ನಾ.”

ಆ ಹೊತ್ತಿಗೆ ದತ್ತೂ ಬಂದ. ಹೊಸ ಟೋಪಿ. ಶಾಲು ಹೊದಿಸುತ್ತಾರೆ ಎಂಬ ನಿರೀಕ್ಷೆಯಲ್ಲಿ ಭುಜ ಸ್ವಲ್ಪ ಎತ್ತಿಯೇ ನಿಂತಿದ್ದ. ಬದಲಿಗೆ ಕಮಲಾ ಅವನನ್ನು ಹಿಡಿದು, ಸೊಸೆಯ ಚಿತ್ರದಿಂದ ಆದ ಅನಾಹುತವನ್ನು ಮರಾಠಿಯಲ್ಲಿ ವರ್ಣಿಸಿದಳು. ದತ್ತೂ ಸಹನಾಳನ್ನು ನೋಡಿದ, ನನ್ನನ್ನು ನೋಡಿದ. ತಂಬಾಕನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದ. ಅವನೂ ಸುಮ್ಮನಾದ. ನನ್ನ ಬಿಳಿ ಕೂದಲಿಗೆ ಇಬ್ಬರು ಕೊಟ್ಟ ಮರ್ಯಾದೆ ಅದು. ಅಷ್ಟು ಭಾರದ ಮರ್ಯಾದೆಯನ್ನು ನಾನು ಹಿಂದೆಂದೂ ಹೊತ್ತಿರಲಿಲ್ಲ.

ಆದರೂ ಹೊತ್ತು ನಿಲ್ಲುತ್ತಿದ್ದೆನೇನೋ. ಕೆಡವಿದ್ದು ಅಕ್ಕ. ಸಹನಾಳನ್ನು ಹತ್ತಿರ ಕೂರಿಸಿಕೊಂಡು, ಅವಳ ಬೆನ್ನ ಮೇಲೆ ಕೈಯಾಡಿಸುತ್ತ ಹೇಳಿದಳು: “ನಿನ್ನ ಮ್ಯಾಲ ಸಿಟ್ಟಿಲ್ಲವಾ ನನಗ. ಭಾಳ ಕಲತಾಕಿ ನೀ. ಆದ್ರ ಒಂದ ಮಾತ ಹೇಳ್ತೀನಿ, ಬ್ಯಾಸರ ಮಾಡಕೋಬ್ಯಾಡ. ಇನ್ನೊಬ್ಬರು ಏನಂತಾರ ಅಂತ ಕಿವಿಗೊಟ್ಟು ಕೇಳೂದ ಕಲಿ.”

“ಆಯ್ತು ದೊಡ್ಡತ್ತೆ,” ಎಂದಳು ಸಹನಾ. ತಲೆ ತಗ್ಗಿಸಿಯೇ ಇದ್ದಳು.

ನನಗೆ ತಡೆಯಲಾಗಲಿಲ್ಲ. “ಆಕೀಗಲ್ಲ, ನನಗ ಹೇಳಬೇಕಿತ್ತು ಅದನ್ನ,” ಎಂದೆ. ಎಲ್ಲರೂ ತಿರುಗಿದರು. ರಿಕ್ಷಾದ ಕಂಬಿಯಿಂದ ಶುರುಮಾಡಿ ಡೋಲಿನವರೆಗೆ, ಒಂದೂ ಬಿಡದೆ ಹೇಳಿದೆ. ಸಹನಾ ಫೋನು ಮಾಡಿ ಕೇಳಿದ್ದನ್ನು, ನಾನು ಕೇಳಿಸಿಕೊಳ್ಳದೆ ಒಪ್ಪಿದ್ದನ್ನು, ನಿನ್ನೆ ಎಲ್ಲ ತಿಳಿದೂ ಅವಳ ತಲೆಗೆ ಕಟ್ಟಿದ್ದನ್ನು ಹೇಳಿದೆ. ಹೇಳುವಾಗ ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದೆ.

ಮೊದಲು ಕಮಲಾ ಬಾಯಿ ಬಿಟ್ಟಳು: “ಅಯ್ಯ ನಿಮ್ಮ ಬಾಯಾಗ ಮಣ್ಣ ಹಾಕಲಿ! ನಾನೂ ಆ ಕೂಸಿಗೆ ಬೈದ್ನಲ್ರಿ!”

ಗಂಗಕ್ಕ ಮಾತ್ರ ಬೆರಗಾಗಿ ನೋಡಿದಳು. “ಮಲ್ಯಾ, ಮಾಡೀ ಅಂದ್ರ ಮ್ಯಾಲಿನ ಮನಿ ಅಂತ ಗೊತ್ತಿಲ್ಲೇನೋ ನಿನಗ? ಇಷ್ಟ ವರ್ಷ ಪುಣೇದಾಗ ಏನ್ ಮಾಡಿದಿ?”

“ಹೋ ಅಂದೆ,” ಎಂದೆ.

ಅಕ್ಕನ ಹೊಟ್ಟೆ ಅಲ್ಲಾಡತೊಡಗಿತು. ನಗು ಹೊರಬರುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು. ಸಹನಾ ಸೆರಗಿಲ್ಲದ ಕಾರಣ ದುಪಟ್ಟಾ ಬಾಯಿಗೆ ತುರುಕಿಕೊಂಡಳು. ದತ್ತೂ ಅರ್ಥವಾಗದೆಯೂ ಎಲ್ಲರಿಗಿಂತ ಜೋರಾಗಿ ನಕ್ಕ. ಆ ವಿಷಯದಲ್ಲಿ ಅವನು ನನ್ನ ನಿಜವಾದ ಶಿಷ್ಯ.

ನಗು ನಿಂತ ಮೇಲೆ ಅಕ್ಕ ಕಣ್ಣೊರೆಸಿಕೊಂಡು ಸಹನಾಳ ಗದ್ದ ಹಿಡಿದಳು. “ನಿನ್ನಿಯಿಂದ ಬಾಯಿ ಬಿಡಲಿಲ್ಲಲ್ಲ ನೀ! ಹಾಂ? ಇಂಥಾಕಿ ಜೋಡಿ ಇರಬಹುದು ನಾ.” ನನ್ನ ಕಡೆ ತಿರುಗಿದಾಗ ಅವಳ ಧ್ವನಿ, ನನ್ನನ್ನು ಸೊಂಟದಿಂದ ಇಳಿಸಿ ನಡೆ ಎನ್ನುತ್ತಿದ್ದ ಕಾಲದ್ದು. “ಮಲ್ಲೂ, ನೀ ಮ್ಯಾಲ ಹೋಗು.”

“ಯಾಕ?”

“ಆ ಮನಿ ನಿಂದು. ನೀನ ಕಟ್ಟಿಸೀದಿ, ನೀನ ಇರು. ನೀ ಕೆಳಗ ಇಲ್ಲಂದ್ರ ಇದು ತಮ್ಮನ ಮನಿ ಹೆಂಗಾದೀತು? ಸೊಸಿ ಮನಿ. ಸೊಸಿ ಮನ್ಯಾಗ ಇರಾಕ ನನಗ ಯಾವ ನಾಚಿಕಿ? ಏನವಾ ಸಹನಾ, ಇಟಗೋತೀಯೇನು?”

“ಇರಿ ದೊಡ್ಡತ್ತೆ! ಮಾವನ ರೂಮ್ ನಿಮಗೆ. ಒಲೇನೂ ಬೇರೆ ಇಟ್ಕೊಡ್ತೀನಿ.”

“ಬ್ಯಾರೆ ಯಾಕ? ನಿನ್ನ ಒಲಿ ಅದಲ್ಲ.” ಎಷ್ಟೋ ವರ್ಷ ನನ್ನ ಮಾತಿಗೆ ಅಲುಗದ ಪದ್ಧತಿ, ಆ ಹುಡುಗಿಯ ಒಂದು ದಿನದ ಮೌನಕ್ಕೆ ಇಷ್ಟು ಸುಲಭವಾಗಿ ಬಾಗಿತು. ಟ್ರಂಕಿನ ಮುಚ್ಚಳ ತೆರೆದ ಸದ್ದು ನನ್ನ ಕಿವಿಗೆ ಇನ್ನೂ ಇದೆ. ಅವತ್ತು ಅದನ್ನು ಮಾತ್ರ ಸರಿಯಾಗಿ ಕೇಳಿಸಿಕೊಂಡೆ.

ನಾನು ಆಸೆಯಿಂದ ಕಮಲಾಳನ್ನು ನೋಡಿದೆ. ಅವಳು ಆಗಲೇ ಮೊಣಕಾಲು ನೀವಿಕೊಳ್ಳುತ್ತಿದ್ದಳು. “ನನಗೂ ಹತ್ತಾಕ ಆಗೂದಿಲ್ರಿ. ನೀವು ಮುಂದ ಹೋಗಿರ್ರಿ,” ಎಂದಳು. ಎಷ್ಟು ಮುಂದೆ ಎಂದು ಹೇಳಲಿಲ್ಲ.

ಹೀಗೆ ನಾನು ಈಗ ಮಾಡಿಯ ಮೇಲಿದ್ದೇನೆ. ಹವಾ ನಿಜವಾಗಿಯೂ ಚೆನ್ನಾಗಿ ಬರುತ್ತದೆ. ಬೆಳಗಿನ ಮೊದಲ ಚಹಾ ನಾನೇ ಮಾಡಿಕೊಳ್ಳುತ್ತೇನೆ. ಅದು ಚಹಾ ಎಂದು ನಾನೇ ನಂಬಿಕೊಳ್ಳುತ್ತೇನೆ. ಪೇರಲ ಹಣ್ಣಿಗೆ ಬರುವ ಗಿಳಿಗಳ ಜೊತೆ ಮಾತು. ಕೆಳಗೆ ಮೂವರು ಹೆಂಗಸರು ರೊಟ್ಟಿ ಬಡಿಯುತ್ತ, ಮಂಡ್ಯದ ಕನ್ನಡಕ್ಕೂ ಇಂಡಿಯ ಕನ್ನಡಕ್ಕೂ ಸೊಲ್ಲಾಪುರದ ಮರಾಠಿ ಒಗ್ಗರಣೆ ಹಾಕಿ ಹರಟುತ್ತಾರೆ. ಯಾರನ್ನು ನೆನೆದು ನಗುತ್ತಾರೆಂದು ಕೇಳಲು ಡೋಲಿನ ಅಡ್ಡಿಯೇನೂ ಇಲ್ಲ.

ಒಂದು ಕೆಲಸ ಬಾಕಿ ಉಳಿದಿತ್ತು. ಎಲ್ಲರ ಮುಂದೆ ತಪ್ಪು ಹೇಳಿಕೊಂಡಿದ್ದೆ, ಆದರೆ ಯಾರಿಗೆ ಹೇಳಬೇಕೋ ಅವಳಿಗೆ ನೇರವಾಗಿ ಹೇಳಿರಲಿಲ್ಲ. ಮಾವನಾದವನು ಸೊಸೆಗೆ ‘ತಪ್ಪಾಯಿತು’ ಎನ್ನುವ ವಾಕ್ಯ ನಮ್ಮ ಕಡೆಯ ಕನ್ನಡದಲ್ಲಿ ಇನ್ನೂ ತಯಾರಾಗಿಲ್ಲ. ಒಂದು ಭಾನುವಾರ ಅವಳು ಬಟ್ಟೆ ಒಣಹಾಕಲು ಬಂದಾಗ ಮೆಟ್ಟಿಲ ಮೇಲೆ ನಿಂತು, “ಸಹನಾ, ಅವತ್ತ ನಾ ಅಂದದ್ದು…” ಎಂದು ತೊಡಗಿದೆ.

ಅವಳು ಕ್ಲಿಪ್ಪನ್ನು ಹಲ್ಲಿನಿಂದ ತೆಗೆದು ಕಾದಳು. ಸಹಾಯ ಮಾಡಲಿಲ್ಲ. ಒಳ್ಳೆಯ ಹುಡುಗಿ, ಆದರೆ ಅಷ್ಟೊಂದು ಒಳ್ಳೆಯವಳಲ್ಲ.

“…ತಪ್ಪಾತು,” ಎಂದೆ.

“ಏನಂದ್ರಿ ಮಾವ? ಕೇಳಿಸಲಿಲ್ಲ.”

“ತಪ್ಪಾತವಾ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಎದುರು ಮನೆಯ ಮುದುಕ ಕಿಟಕಿ ತೆರೆದ.

“ಈಗ ಕೇಳಿಸ್ತು,” ಎಂದಳು ಸಹನಾ. “ತಿಂಡಿಗೆ ಬನ್ನಿ.”

ನಮ್ಮ ಮನೆಗೆ ಹೋಗುವಾಗ ನಾನೀಗ ಬಾಗಿಲು ಬಡಿಯುತ್ತೇನೆ. ಅಕ್ಕನ ಕಾನೂನು ಅದು: ಬೇರೆಯವರ ಮನೆಗೆ ಸುಮ್ಮನೆ ನುಗ್ಗಬಾರದು. ಅವತ್ತೂ ಬಡಿದೆ.

“ಯಾರವರು?” ಎಂದಳು ಅಕ್ಕ ಒಳಗಿನಿಂದ, ನಾನೇ ಎಂದು ಗೊತ್ತಿದ್ದೂ.

“ಮ್ಯಾಲಿನಾವ,” ಎಂದೆ.

ಒಳಗೆ ಲಟ್ಟಣಿಗೆ ನಿಂತಿತು. ಬಾಗಿಲು ತೆರೆಯಿತು.

“ಮ್ಯಾಲಿನಾವಗ ಇಷ್ಟ ವರ್ಷ ಕೈ ಮುಗದೆ,” ಎಂದಳು ಗಂಗಕ್ಕ, “ಒಮ್ಮೆನೂ ಇಳದ ಬಂದಿದ್ದಿಲ್ಲ. ಬಾ ಒಳಗ, ಚಾ ಆರತದ.”